ಹುಳುಮನೆಯ ಹೊಸ್ತಿಲು

ಸುನಂದ ಹಿಪ್ಪುನೇರಳೆ ಸೊಪ್ಪಿನ ಮಂಕರಿಯನ್ನು ಸೊಂಟಕ್ಕೇರಿಸಿ ಹುಳುಮನೆಯ ಚಿಲಕಕ್ಕೆ ಕೈಹಾಕಿದಾಗ ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಅವಳ ಅಮ್ಮ ಕದಿರಮ್ಮ. ಅಂಗಳದಲ್ಲಿ ಗಂಗರತ್ನಮ್ಮನ ಹೆಣದ ಪಕ್ಕ ಕೂತು ಅಳುತ್ತಿದ್ದವಳು ಮಂಡಿನೋವನ್ನೂ ಮರೆತು ಹಿತ್ತಿಲಿಗೆ ಎದ್ದು ಬಂದಿದ್ದಳು.

“ಒಳಗೆ ಹೋಗ್ಬೇಡ ಕಣೇ.”

“ಚನ್ನರಾಯಪ್ಪನೇ ಹೇಳಿದ್ದು ಕಣಮ್ಮ. ಅವ್ರಿಗೆಲ್ಲ ಸೂತಕ. ಹುಳ ಹಸ್ಕೊಂಡಿವೆ.”

ಬೈರಕೂರಿನಲ್ಲಿ ಸೂತಕದವರು ಹುಳುಮನೆ ಮೆಟ್ಟುವುದಿಲ್ಲ. ಮೆಟ್ಟಿದರೆ ರೇಷ್ಮೆ ಬೆಳೆ ಕೈಗೆ ಹತ್ತುವುದಿಲ್ಲವೆಂದು ನಂಬಿಕೆ. ಪಕ್ಕದ ಮನೆಯ ಗಂಗರತ್ನಮ್ಮ ಬೆಳಿಗ್ಗೆ ತೀರಿಕೊಂಡಿದ್ದಳು. ಇವತ್ತೋ ನಾಳೆಯೋ ಗೂಡು ಕಟ್ಟಬೇಕಾದ ಹುಳುಗಳು ಅವಳೇ ಸಾಕಿದವು. ಮಗ ಚನ್ನರಾಯಪ್ಪ ಬಂದು “ಸುನಂದಕ್ಕಾ, ನೀನೇ ಸೊಪ್ಪು ಹಾಕ್ಬೇಕು” ಅಂದಾಗ, ಸುಳ್ಳೇಕೆ, ಸುನಂದಳಿಗೆ ಒಳಗೊಳಗೇ ಒಂದು ಸಮಾಧಾನವಾಗಿತ್ತು. ಕೊನೆಗೂ ಆ ಮನೆಗೆ ತನ್ನ ಕೈ ಬೇಕಾಯಿತಲ್ಲ!

*

ಆಗ ಸುನಂದ ಇನ್ನೂ ಲಂಗದಾವಣಿಯ ಹುಡುಗಿ. ಗಂಗರತ್ನಮ್ಮನ ತಾಯಿ ದೊಡ್ಡಮುನಿಯಮ್ಮ ಸತ್ತ ದಿನ. ಅಂದೂ ಹುಳುಗಳಿದ್ದವು. ಸುನಂದ ತಾನಾಗಿಯೇ ಸೊಪ್ಪು ಹೊತ್ತು ಹೊರಟಳು. ಅಳುತ್ತಿದ್ದ ಗಂಗರತ್ನಮ್ಮ ಓಡಿಬಂದು ಮಂಕರಿ ಕಿತ್ತುಕೊಂಡು, “ನೀನು ಬೇಡ. ಶಾಮಲಮ್ಮ ಹಾಕ್ತಾಳೆ ಬಿಡು” ಅಂದಳು, ಎಲ್ಲರ ಎದುರಿಗೆ. ಎದುರುಮನೆಯ ಶಾಮಲಮ್ಮನೂ ಸುನಂದಳಂತೆ ಬರೀ ನೆರೆಯವಳೇ.

ತನ್ನ ಕೈಗುಣ ಕೆಟ್ಟದ್ದೆಂದೇ ಸುನಂದ ತಿಳಿದಳು. ಮುಂದೆ ಅವಳ ಬಾಣಂತನಕ್ಕೆ ಗಂಗರತ್ನಮ್ಮನೇ ಬಂದು ಎಣ್ಣೆ ಹಚ್ಚಿ ನೀರೆರೆದಳು. ಆಗಲೂ ಸುನಂದ ನೆಟ್ಟಗೆ ಮುಖ ಕೊಟ್ಟು ಮಾತಾಡಲಿಲ್ಲ.

*

“ಆವತ್ತು ಅವಳು ಅವಮಾನ ಮಾಡಿದ್ಲು. ಇವತ್ತು ನೀನಾ?”

ಕದಿರಮ್ಮ ಗೋಡೆಗೆ ಒರಗಿದಳು. “ಅವಮಾನ ಅಲ್ವೇ. ಆವತ್ತು ಸತ್ತಿದ್ದು ನಿಮ್ಮಜ್ಜಿ. ನಿಂಗೂ ಸೂತಕ ಇತ್ತು. ಇವತ್ತೂ ಇದೆ.”

ಸುನಂದ ಮಂಕರಿ ಇಳಿಸಿದಳು.

“ನಾನು, ನಿಮ್ಮಪ್ಪ, ಅವಳು ಮಾಲೂರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗಿದ್ವಿ. ಅವಳಿಗಿನ್ನೂ ಮದ್ವೆ ಆಗಿರ್ಲಿಲ್ಲ. ಅಲ್ಲೇ ನೀನು ಅವಳ ಹೊಟ್ಟೇಲಿ ಹುಟ್ಟಿದ್ದು. ಊರಿಗೆ ಬರೋವಾಗ ನನ್ನ ಮಡ್ಲಲ್ಲಿದ್ದೆ. ಯಾರ್ಗೂ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಆದ್ರೆ ಇದು ಅವಳ ಕಡೇ ಬೆಳೆ ಕಣೇ, ಕೆಡ್ಬಾರ್ದು.” ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಇನ್ಮೇಲೆ ನನ್ನ ಅಮ್ಮ ಅಂತೀಯೋ ಇಲ್ವೋ.”

ಸುನಂದಳಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಎಣ್ಣೆ ಹಚ್ಚಿದ ಆ ಒರಟು ಕೈ ನೆನಪಾಯಿತು.

“ಅಮ್ಮನ್ನ ಅಮ್ಮ ಅನ್ದೆ ಇನ್ನೇನಂತಾರೆ? ನಡಿ,” ಎಂದು ಕದಿರಮ್ಮನ ರಟ್ಟೆ ಹಿಡಿದಳು.

ಅಂಗಳದಲ್ಲಿ ಹೆಣಕ್ಕೆ ಬಾಯಕ್ಕಿ ಹಾಕುತ್ತಿದ್ದರು. ತಲೆಯ ಬಳಿ ನಿಂತಿದ್ದ ಚನ್ನರಾಯಪ್ಪ ಕೇಳಿದ, “ಸೊಪ್ಪು ಹಾಕಿದ್ಯೇನಕ್ಕಾ?”

ಎಲ್ಲರೂ ತಿರುಗಿ ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು, ಅವಳು ಮಗಳಾಗುತ್ತಿದ್ದಳು. ಸತ್ತವಳ ಮಾನ ಬೀದಿಗೆ ಬೀಳುತ್ತಿತ್ತು.

“ನಾನು ಬೇಡ,” ಅಂದಳು. “ಶಾಮಲಮ್ಮ ಹಾಕ್ತಾಳೆ ಬಿಡು.”

ಮುದುಕಿ ಶಾಮಲಮ್ಮ ಒಂದು ಗಳಿಗೆ ಅವಳ ಮುಖವನ್ನೇ ನೋಡಿ ಹಿತ್ತಿಲಿಗೆ ನಡೆದಳು.

ನೆರೆಯವರ ಸಾಲಿನ ಕೊನೆಯಲ್ಲಿ ಸುನಂದಳ ಸರದಿ ಬಂತು. ಬಗ್ಗಿ ಅಕ್ಕಿ ಹಾಕುವಾಗ ಬೆರಳಿಗಂಟಿದ್ದ ಸೊಪ್ಪಿನ ಚೂರೊಂದು ಗಂಗರತ್ನಮ್ಮನ ತುಟಿಯ ಮೇಲೆ ಬಿತ್ತು. ಚನ್ನರಾಯಪ್ಪ ತೆಗೆಯಲು ಕೈ ಚಾಚಿದ.

“ಇರ್ಲಿ ಬಿಡೋ,” ಅಂದಳು ಸುನಂದ.