ಬೆಳದಿಂಗಳನ್ನು ಕಡೆಯುವ ಹುಡುಗಿ

ನಾನು ಎಳ್ಳುಕಾಳಿಗಿಂತ ಕೊಂಚ ದೊಡ್ಡದಾದ ಒಂದು ಸಿಲಿಕಾನ್ ಚೂರು. ಮರಳಿನ ಮೊಮ್ಮಗಳು ಅಂದರೂ ಸರಿಯೇ. ಧೂಳಿನ ಕಣವೂ ಅಪ್ಪಣೆಯಿಲ್ಲದೆ ಒಳಗೆ ಬಾರದ ಪ್ರಯೋಗಾಲಯದಲ್ಲಿ ಹುಟ್ಟಿದೆ. ನನ್ನ ನಡುವೆ ಈರುಳ್ಳಿಯ ಒಳಸಿಪ್ಪೆಗಿಂತಲೂ ತೆಳುವಾದ ಪೊರೆಯಿದೆ. ಅದರಲ್ಲಿ ನ್ಯಾನೋ ತೂತುಗಳನ್ನು ಕೊರೆದು, ಚಂದ್ರನನ್ನು ಸುತ್ತುವ ಉಪಗ್ರಹದಲ್ಲಿ ಕಳಿಸಿ, ಮೇಲಿನ ಚಳಿ ಬಿಸಿಲನ್ನು ಅವು ತಡೆಯುತ್ತವೆಯೇ ಎಂದು ನೋಡಬೇಕಿತ್ತು.

“ಸಾಲಾಗಿ ಯಾಕೆ ಕೊರೀಬೇಕು? ಕಥೆಯಾಗಿ ಕೊರೆದರೂ ಪರೀಕ್ಷೆ ಪರೀಕ್ಷೆಯೇ ಅಲ್ವಾ?” ಎಂದವಳು ನನ್ನನ್ನು ಮಾಡಿದ ಸಂಶೋಧಕಿ ವಾಸವಿ. ಬಳ್ಳಾರಿ ಸೀಮೆಯಿಂದ ತೊಗಲುಗೊಂಬೆಯ ತಿಪ್ಪಮ್ಮನನ್ನು ಕರೆಸಿದಳು. ಮೇಕೆಯ ತೊಗಲಿಗೆ ತೂತು ಹೊಡೆದು ಬೆಳಕನ್ನು ಕುಣಿಸುವ ಮುದುಕಿ. ಲ್ಯಾಬಿನ ಬಿಳಿ ಗೌನು ತೊಡಿಸಿದಾಗ, “ಯವ್ವಾ, ಜೀವ ಇರೂವಾಗ್ಲೇ ಹೆಣದ ಬಟ್ಟಿ ಉಡಿಸಿದ್ಯಲ್ಲ!” ಎಂದು ನಕ್ಕಳು.

ತಿಪ್ಪಮ್ಮ ಬರೆದುಕೊಟ್ಟದ್ದು ಬೆಳದಿಂಗಳನ್ನು ಕಡೆದು ಬೆಣ್ಣೆ ತೆಗೆಯುವ ಹುಡುಗಿಯನ್ನು. ಕಣ್ಣಿಗೆ ಕಾಣದ ಕಿರಣದ ಮೊನೆ ಅವಳ ಜಡೆ, ಕಡಗೋಲು, ಸೀರೆಯ ಅಂಚುಗಳನ್ನು ನನ್ನ ಮೈಮೇಲೆ ಕೊರೆಯಿತು. ಕಣ್ಣೊಂದು ಉಳಿಯಿತು. ಗೊಂಬೆಯ ಕಣ್ಣನ್ನು ಕೊನೆಗೇ ತೆರೆಯಬೇಕು, ಬರೆದವಳೇ ತೆರೆಯಬೇಕು. ತಿಪ್ಪಮ್ಮ ಕೈಮುಗಿದು ಕಿರಣದ ಯಂತ್ರದ ಗುಂಡಿ ಒತ್ತಿದಳು. ನಾನು ಲೋಕ ನೋಡಿದೆ.

“ಕಣ್ಣು ಬಿಟ್ಟಾಳ. ಇನ್ನ ಆಡಿಸ್ಲೇಬೇಕ್ ನೋಡು. ಸುಮ್ನ ಕುಂದ್ರಿಸಿದ್ರ ಪಾಪ,” ಅಂದಳು.

“ಆಕಾಶದಲ್ಲೇ ಆಡಲಿ ಅಮ್ಮ,” ಎಂದಳು ವಾಸವಿ.

ಆಡಲು ಬಿಟ್ಟರೆ ತಾನೆ! ನಿರ್ದೇಶಕ ಶ್ರೀಕಂಠಯ್ಯನವರು ಬಂದರು, ಸೂಕ್ಷ್ಮದರ್ಶಕದ ಪರದೆಯ ಮೇಲೆ ನನ್ನನ್ನು ಕಂಡು ಮುಖ ಸಿಂಡರಿಸಿದರು.

“ಏನಮ್ಮಾ ವಾಸವಿ, ಇದು ವಿಜ್ಞಾನವೋ ಗೊಂಬೆಯಾಟವೋ? ನಾಳೆ ನಾಲ್ಕು ಜನ ನಗಬಾರದು.”

“ತೂತುಗಳ ಅಳತೆ ಎಲ್ಲಾ ಸರಿಯಾಗಿದೆ ಸರ್.”

“ಅಳತೆ ಇರಲಿ. ಗಾಂಭೀರ್ಯ ಬೇಡವೇ?”

ಗಾಂಭೀರ್ಯವಂತೆ! ಚಂದ್ರನ ಮೇಲೆ ಮೊಲವಿದೆ ಎಂದು ಯಾವ ಅಜ್ಜಿಯೂ ಹೇಳದಿದ್ದರೆ, ಅಲ್ಲಿಗೆ ಹೋಗಬೇಕೆಂಬ ಆಸೆ ಇವರಿಗೆ ಯಾವ ಕಡತದಿಂದ ಹುಟ್ಟುತ್ತಿತ್ತು? ನನ್ನ ಜಾಗದಲ್ಲಿ ಬರೀ ಚೌಕುಳಿ ಕೊರೆದ ಇನ್ನೊಂದು ಚೂರು ಹಾರಿತು. ನನ್ನನ್ನು ಸಂಸ್ಥೆಯ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು “ಅಲಂಕಾರಿಕ ಮಾದರಿ” ಎಂದು ಹಲಗೆ ಹಾಕಿದರು. ಅದರಲ್ಲೂ ಎಡವಟ್ಟು! ದೀಪವನ್ನು ಎದುರಿಗಿಟ್ಟರು. ತೊಗಲುಗೊಂಬೆಗೆ ಬೆಳಕು ಬೆನ್ನ ಹಿಂದಿರಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಬಂದವರು ಭೂತಗಾಜಿನಲ್ಲಿ ಬಗ್ಗಿ ನೋಡಿ, “ಏನೋ ಕಪ್ಪು ಚುಕ್ಕೆ,” ಎಂದು ಕಾಫಿಗೆ ಹೋಗುತ್ತಿದ್ದರು. ಉರಿದುಹೋಗುತ್ತಿದ್ದೆ.

ಒಂದು ಮಧ್ಯಾಹ್ನ ತಿಪ್ಪಮ್ಮ ಬಂದಳು. ಪೆಟ್ಟಿಗೆ ನೋಡಿದ್ದೇ ತಡ, ಪಡಸಾಲೆ ನಡುಗುವಂತೆ ಕೂಗಿದಳು.

“ಕಣ್ಣು ಬಿಟ್ಟ ಕೂಸನ್ನ ಕೂಡಿ ಹಾಕೀರೇನ್ರೀ? ಆಡಸ್ರಿ, ಇಲ್ಲಾ ನನ್ನ ಕೈಗೆ ಕೊಡ್ರಿ!”

“ಅದು ಸಂಸ್ಥೆಯ ಸ್ವತ್ತು,” ಎಂದರು ಶ್ರೀಕಂಠಯ್ಯ. ಬೆನ್ನು ತಿರುಗಿಸಿ ನಡೆದರು.

ವಾಸವಿ ಒರೆಸುವ ನೆವದಲ್ಲಿ ಪೆಟ್ಟಿಗೆಯ ಬೀಗ ತೆಗೆದು, ಒದ್ದೆ ಬೆರಳ ತುದಿಗೆ ನನ್ನನ್ನು ಅಂಟಿಸಿಕೊಂಡಳು. ತಿಪ್ಪಮ್ಮ ಹಣೆ ಒಡ್ಡಿದಳು. ಕುಂಕುಮದ ಕೆಳಗಿನ ಮೇಣಕ್ಕೆ ನಾನು ಕಚ್ಚಿಕೊಂಡೆ. ಬಾಗಿಲಲ್ಲಿ ಕಾವಲುಗಾರ ಚೀಲ ತಡಕಿದ, ಸೆರಗು ಕೊಡವಿಸಿದ. ಮುದುಕಿಯ ಹಣೆಯನ್ನು ನೋಡಿ ಕೈಮುಗಿದು ಬಿಟ್ಟ.

ಈಗ ನಾನು ಒಂದು ತೊಗಲುಗೊಂಬೆಯ ಮೂಗುತಿ. ಹಿಂದೆ ದೀಪ ಹಚ್ಚಿದರೆ ನನ್ನ ತೂತುಗಳಿಂದ ಹಸಿರು, ಕೆಂಪು ಕಿಡಿಯೊಂದು ಪರದೆಗೆ ಹಾರುತ್ತದೆ. ವಯಸ್ಸಾಯಿತು. ಪೊರೆಯ ಒಂದು ಮೂಲೆ ಬಿರಿದಿದೆ. ಆಕಾಶದಲ್ಲಿ ಆ ಚೌಕುಳಿ ಸುತ್ತುತ್ತಲೇ ಇರಬೇಕು. ಅದರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅದಕ್ಕೆ ಹೇಳಲು ಕಥೆಯೇ ಇಲ್ಲ. ಕಳಿಸಿದವರ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯುವುದೂ ಬೇಡ.

ಮೊನ್ನೆ ಆಟದಲ್ಲಿ ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: “ಅಜ್ಜೀ, ಈಕಿ ಚಂದ್ರನ ಹತ್ರ ಹೊಂಟಿದ್ಲಂದಿ. ಯಾಕ ಹೋಗ್ಲಿಲ್ಲ?”

“ಬಿಡ್ಲಿಲ್ಲವ್ವಾ.”

“ಯಾರು?”

ತಿಪ್ಪಮ್ಮ ಆಟ ನಿಲ್ಲಿಸಿದಳು. ಪರದೆ ಸರಿಸಿ ಮುಖ ಹೊರಗೆ ಹಾಕಿ, ಇಡೀ ಊರಿಗೆ ಕೇಳುವಂತೆ, ಇನಿಷಿಯಲ್ ಸಮೇತ ಆ ನಿರ್ದೇಶಕರ ಹೆಸರು ಹೇಳಿದಳು.