ಮೊದಲ ದೊಡ್ಡ ಅಪ್‌ಡೇಟ್ ಬರುವವರೆಗೆ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಜಹನಾರಾಳ ಮದುವೆ ಕಾರ್ಡಿನ ಅಂಗಡಿ. ಬೆಳಿಗ್ಗೆ ಷಟರ್ ಎತ್ತಿ, ಮೇಜಿನ ಧೂಳು ಒರೆಸಿ, ಕಂಪ್ಯೂಟರಿನ ಗುಂಡಿ ಒತ್ತಿದರೆ ಅದು ಸ್ವಲ್ಪ ಹೊತ್ತು ಗೊರಗೊರ ಅನ್ನುತ್ತಿತ್ತು. ಆಮೇಲೆ ಅವಳ ಗಂಡನ ದನಿಯಲ್ಲಿ, ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲೇ ಮಾತಾಡುತ್ತಿತ್ತು. "ಆಗಯೀ? ಬೈಟ್ ಜಾ." ಬಂದ್ಯಾ, ಕೂತ್ಕೋ ಅಂತ.

ಗಂಡ ಅಸ್ಗರ್ ತೀರಿಕೊಂಡ ಮೇಲೆ ಎರಡು ರಂಜಾನ್ ಬಂದು ಹೋಗಿದ್ದವು.

ಇದರಲ್ಲಿ ದೆವ್ವ ಭೂತದ ಮಾತೇನಿಲ್ಲ. ಕಂಪ್ಯೂಟರು ಮಾತುಮಾತಿಗೆ ಟಿಂಗ್ ಟಣ್ ಅನ್ನುವುದು ಅಸ್ಗರನಿಗೆ ಸೇರುತ್ತಿರಲಿಲ್ಲ. ಒಂದು ಭಾನುವಾರ ಅಂಗಡಿಯಲ್ಲೇ ಕೂತು, ಅದರ ಒಂದೊಂದು ಸದ್ದನ್ನೂ ತೆಗೆದು ಆ ಜಾಗಕ್ಕೆ ತನ್ನ ದನಿ ಹಾಕಿಬಿಟ್ಟಿದ್ದ. ತಪ್ಪು ಗುಂಡಿ ಒತ್ತಿದರೆ, ಏನಾಗಲ್ಲ, ಹೆದರಬೇಡ ಅನ್ನುತ್ತಿತ್ತು. ಪೆನ್ ಡ್ರೈವನ್ನು ಸುಮ್ಮನೆ ಕಿತ್ತರೆ, ಹೇಳದೆ ಕೇಳದೆ ಹೊರಟುಬಿಡೋದಾ ಎಂದು ಗದರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ಅವನು ಹೋದಮೇಲೆ ಆ ಮಾತು ಕೇಳಿ ಯಾರೂ ನಗಲಿಲ್ಲ.

ಹೊಸ ಆಪರೇಟಿಂಗ್ ಸಿಸ್ಟಂ ಬಂದಿದೆ, ಹಾಕಿಕೊಳ್ಳಿ ಎಂದು ಪರದೆಯ ಮೂಲೆಯಲ್ಲಿ ದಿನಾ ಒಂದು ಚೀಟಿ ಮೂಡುತ್ತಿತ್ತು. ಅಸ್ಗರನ ಕಾಲದಲ್ಲೂ ಹೀಗೆ ಹೊಸದು ಬಂದಾಗ ಅವನು ಮುಟ್ಟುತ್ತಿರಲಿಲ್ಲ. "ಹೊಸ ಅಕ್ಕೀಲಿ ಬಿರಿಯಾನಿ ಮಾಡ್ತಾರಾ? ಮುದ್ದೆ ಆಗುತ್ತೆ. ಮೊದಲ್ನೇ ದೊಡ್ಡ ಅಪ್‌ಡೇಟ್ ಬರ್ಲಿ, ಆಮೇಲೆ ನೋಡೋಣ" ಅನ್ನುತ್ತಿದ್ದ. ಅವಸರ ಮಾಡಿದ ಅಂಗಡಿಗಳಲ್ಲಿ ಪ್ರಿಂಟರ್ ಕೈಕೊಟ್ಟಾಗ, ಅಕ್ಷರಗಳು ಅಡ್ಡಾದಿಡ್ಡಿಯಾದಾಗ, ಅವರ ಅರ್ಜೆಂಟ್ ಕೆಲಸವನ್ನೆಲ್ಲ ಇವನೇ ಕೂತು ಮಾಡಿಕೊಡುತ್ತಿದ್ದ. ನಾನು ಹೇಳಿರಲಿಲ್ಲವಾ ಅಂತ ಮಾತ್ರ ಯಾರಿಗೂ ಅಂದವನಲ್ಲ.

ಹಾಗಾಗಿ ಜಹನಾರಾಳ ಬಾಯಲ್ಲೂ ಅದೇ ಮಾತು. ಯಾರು ಕೇಳಿದರೂ, "ಮೊದಲ್ನೇ ದೊಡ್ಡ ಅಪ್‌ಡೇಟ್ ಬರ್ಲಿ." ಅದು ಅವನ ಬುದ್ಧಿಮಾತು ಅಂತ ಎಲ್ಲರೂ ತಲೆದೂಗುತ್ತಿದ್ದರು. ಹೊಸದು ಬಂದರೆ ಹಳೆಯ ಸದ್ದುಗಳೆಲ್ಲ ಅಳಿಸಿಹೋಗುತ್ತವೆ ಎಂಬ ಭಯವನ್ನು ಅವಳು ಹೇಳಿದ್ದು ಒಬ್ಬಳಿಗೇ, ಪ್ರತಿಭಾಗೆ.

ಪ್ರತಿಭಾ ಗದಗಿನ ಕಡೆಯವಳು. ಕೆ.ಆರ್. ಪುರದಲ್ಲಿ ಮನೆ, ಒಂದು ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ. ಮಗಳ ಮದುವೆಯ ಕಾರ್ಡು ಮಾಡಿಸಲು ಬಂದವಳು ಹಾಗೇ ಸ್ನೇಹಿತೆಯಾಗಿ ಉಳಿದಿದ್ದಳು. ಆಗೀಗ ಶನಿವಾರ ಬಸ್ಸು ಹತ್ತಿ ಬರುವಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುವಳು. ಜಹನಾರಾಳ ಹಲ್ಲು ನೋಯುತ್ತದೆಂದು ರೊಟ್ಟಿಯನ್ನು ಮನೆಯಲ್ಲೇ ಮುರಿದು ಡಬ್ಬಿಗೆ ಹಾಕಿ ತರುವಳು, ಆದರೆ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ದನಿಯನ್ನೆಲ್ಲ ನಿಮ್ಮ ಫೋನಿಗೆ ಹಾಕಿಕೊಡ್ತೀನಲ್ಲರೀ ಆಪಾ" ಎಂದಿದ್ದಳು. "ಬೇಕೆನಿಸಿದಾಗ ಕೇಳಬಹುದು."

"ನಾನು ಕೇಳಿದಾಗ ಮಾತಾಡೋದು ಬೇರೆ, ಪ್ರತಿಭಾ. ಅವರಾಗೇ ಮಾತಾಡೋದು ಬೇರೆ."

ಪ್ರತಿಭಾ ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಮಳೆಗಾಲ ಕಳೆದು ಆ ದೊಡ್ಡ ಅಪ್‌ಡೇಟ್ ಬಂದೇಬಿಟ್ಟಿತು. ಹಳೆಯದಕ್ಕೆ ಇನ್ನು ರಕ್ಷಣೆಯಿಲ್ಲ ಎಂದು ಪರದೆಯ ಚೀಟಿ ಈಗ ಕೆಂಪಗೆ ಮೂಡತೊಡಗಿತು. ಎದುರಿನ ಪ್ರಿಂಟಿಂಗ್ ಅಂಗಡಿಯ ಖಾದರನ ಹಳೇ ಕಂಪ್ಯೂಟರಿಗೆ ವೈರಸ್ ಹೊಕ್ಕು, ಎಷ್ಟೋ ವರ್ಷದ ಡಿಸೈನುಗಳೆಲ್ಲ ಮಣ್ಣುಪಾಲಾದವು. ಆದರೂ ಜಹನಾರಾ ಅಲುಗಲಿಲ್ಲ. ಇನ್ನೊಂದು ವಾರ ಅಂದಳು, ಈ ಮದುವೆ ಸೀಸನ್ ಮುಗಿಯಲಿ ಅಂದಳು.

ಅಷ್ಟರಲ್ಲಿ ಅವಳಿಗೊಂದು ಚಟ ಅಂಟಿಕೊಂಡಿತ್ತು. ಮೊದಮೊದಲು ಕೈತಪ್ಪಿ ಆಗುತ್ತಿದ್ದುದನ್ನು ಬೇಕೆಂದೇ ಮಾಡುತ್ತಿದ್ದಳು. ಮಧ್ಯಾಹ್ನ ಓಣಿ ತಣ್ಣಗಾದಾಗ ಇಲ್ಲದ ಫೈಲು ತೆರೆಯಲು ಹೋಗುವಳು. ಹೆದರಬೇಡ ಅನ್ನುವನು. ಪೆನ್ ಡ್ರೈವ್ ಸಿಕ್ಕಿಸಿ ಸರಕ್ಕನೆ ಕೀಳುವಳು. ಹೇಳದೆ ಕೇಳದೆ ಹೊರಟುಬಿಡೋದಾ ಅನ್ನುವನು. ಆ ಮಾತಿಗೆ ಅವಳಲ್ಲಿ ಉತ್ತರವಿತ್ತು. ಹೋದದ್ದು ಯಾರು ಅಂತ ಕೇಳಬೇಕೆನಿಸುತ್ತಿತ್ತು. ಕೇಳದೆ ಮತ್ತೆ ಸಿಕ್ಕಿಸುವಳು, ಮತ್ತೆ ಕೀಳುವಳು.

ಹಾಗೆ ಕಿತ್ತದ್ದರಲ್ಲಿ ಒಂದು ದಿನ ಲೈಬಾ ಎಂಬ ಮದುಮಗಳ ಪೆನ್ ಡ್ರೈವೂ ಇತ್ತು. ಅದರಲ್ಲಿ ಆ ಹುಡುಗಿ ಕಾರ್ಡಿಗೆಂದು ತಾನೇ ಕೂತು ಬಿಡಿಸಿದ ಬಳ್ಳಿ, ಹೂವು, ಹಕ್ಕಿಗಳ ಚಿತ್ರಗಳಿದ್ದವು. ಇನ್ನೂ ಕಾಪಿ ಆಗುತ್ತಿರುವಾಗಲೇ ಜಹನಾರಾಳ ಕೈ ಎಳೆದುಬಿಟ್ಟಿತು. ಪೆನ್ ಡ್ರೈವೇ ಕೆಟ್ಟುಹೋಗಿ, ಚಿತ್ರಗಳು ಎರಡೂ ಕಡೆ ಉಳಿಯಲಿಲ್ಲ.

ಲೈಬಾ ಬಂದು ಖಾಲಿ ಪರದೆಯನ್ನು ನೋಡಿದಳು, ಜಹನಾರಾಳ ಮುಖವನ್ನು ನೋಡಿದಳು. "ಹೋಗ್ಲಿ ಬಿಡಿ ಆಂಟಿ. ಆ ಹಕ್ಕಿ ನನಗೇನೂ ಹಿಡಿಸಿರ್ಲಿಲ್ಲ, ಕೋಳಿ ಥರ ಇತ್ತು. ಇನ್ನೊಂದ್ಸಲ ಬಿಡಿಸ್ತೀನಿ" ಅಂದಳು. ಹಾಗೆನ್ನುವಾಗ ಅವಳ ಕಣ್ಣಂಚು ಒದ್ದೆಯಾಗಿತ್ತು.

ಆ ಸಂಜೆಯೇ ಜಹನಾರಾ ಫೋನು ಮಾಡಿದಳು. "ಪ್ರತಿಭಾ, ಶನಿವಾರ ಬಾ. ಹಾಕಿಬಿಡೋಣ."

ಶನಿವಾರ ಪ್ರತಿಭಾ ಎಲ್ಲ ಸಿದ್ಧಮಾಡಿ, ಕುರ್ಚಿ ಬಿಟ್ಟು ಎದ್ದಳು. "ಕಡೇ ಗುಂಡಿ ನೀವೇ ಒತ್ತಿರಿ ಆಪಾ."

ಜಹನಾರಾ ಒತ್ತಿದಳು. ಪರದೆ ಮಂಕಾಯಿತು. ನಡುವೆ ಒಂದು ಪ್ರಶ್ನೆ ಮೂಡಿತು. ಜೊತೆಗೇ ಅಸ್ಗರನ ದನಿ ಬಂತು. "ಠೈರ್. ಠೈರ್ ಜರಾ." ತಡಿ, ಸ್ವಲ್ಪ ತಡಿ.

ಈ ಮಾತನ್ನು ಅವಳು ಇಲ್ಲಿ ಎಂದೂ ಕೇಳಿರಲಿಲ್ಲ. ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಹೊರಗೆ ಮಾರ್ಕೆಟ್ಟಿನ ಗದ್ದಲ ಇದ್ದಕ್ಕಿದ್ದಂತೆ ಬಹಳ ದೂರ ಹೋದಂತಾಯಿತು. ಪ್ರತಿಭಾಳ ತೋಳಿನ ಮೇಲೂ ಕೂದಲು ನಿಮಿರಿತ್ತು.

"ಅವರಿಗೆ ಗೊತ್ತಾಯ್ತು" ಅಂದಳು ಜಹನಾರಾ, ಪಿಸುದನಿಯಲ್ಲಿ.

ಪ್ರತಿಭಾ ಪ್ರಶ್ನೆಯನ್ನು ಮುಚ್ಚಿ, ಸದ್ದುಗಳ ಪಟ್ಟಿ ತೆಗೆದು ನೋಡಿದಳು. ಸಿಸ್ಟಮಿನಲ್ಲಿ ಏನಾದರೂ ದೊಡ್ಡ ಬದಲಾವಣೆಗೆ ಮುಂಚೆ ಕಂಪ್ಯೂಟರು ಒಮ್ಮೆ ಒಪ್ಪಿಗೆ ಕೇಳುತ್ತದಲ್ಲ, ಆ ಕಿಟಕಿಗೂ ಅವನು ದನಿ ಕೊಟ್ಟಿದ್ದ. ಅವನು ಹೋದಮೇಲೆ ಯಾರೂ ಯಾವ ಬದಲಾವಣೆಗೂ ಕೈಹಾಕದ್ದರಿಂದ ಅದು ಬಾಯಿ ಬಿಟ್ಟಿರಲಿಲ್ಲ.

"ಪಟ್ಟಿಯಲ್ಲಿ ಇದ್ದಬದ್ದದ್ದಕ್ಕೆಲ್ಲ ಮಾತು ಹಾಕ್ಯಾರ ನೋಡ್ರಿ. ಭಾರೀ ಮಾತುಗಾರ ಮನುಷ್ಯ" ಎಂದು ನಗಿಸಲು ನೋಡಿದಳು. ಆಮೇಲೆ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಆಪಾ, ಇಲ್ಲೊಂದು ಐತಿ. ಆಫ್ ಮಾಡುವಾಗಿನದ್ದು. ಪಟ್ಟಿಯಲ್ಲಿ ಹಳೇ ಹೆಸರು ಉಳಿದಿತ್ತಂತ ಇದಕ್ಕೂ ಹಾಕ್ಯಾರ. ಈಗಿನವು ಆಫ್ ಆಗೋವಾಗ ಸದ್ದೇ ಮಾಡೋದಿಲ್ಲ. ಕೇಳ್ತೀರಾ?"

ಜಹನಾರಾ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಹೂಂ ಅಂದಳು.

"ತೂ ಚಲ್. ಮೈ ಆತೌಂ." ನೀನು ನಡೀತಿರು, ನಾನು ಬರ್ತೀನಿ.

ಅಂಗಡಿ ಮುಚ್ಚುವ ಹೊತ್ತಿಗೆ ದಿನವೂ ಅವನು ಆಡುತ್ತಿದ್ದ ಮಾತು. ಅವಳು ಮುಂದೆ ನಡೆದು ಹೂವಿನವರ ಮೂಲೆಯಲ್ಲಿ ನಿಲ್ಲಬೇಕು. ಅವನು ಷಟರ್ ಎಳೆದು, ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ ಹಿಂದಿನಿಂದ ಬರುವನು. ಅವಳು ತಿರುಗಿ ನೋಡುತ್ತಿರಲಿಲ್ಲ. ಹೆಜ್ಜೆ ಸದ್ದು ಸಾಕಿತ್ತು.

ಇದನ್ನು ಅವಳು ಪ್ರತಿಭಾಗೆ ಹೇಳಿದಳು, ಬೀಗ ಜಗ್ಗುವುದನ್ನೂ ಬಿಡದೆ. ಆಮೇಲೆ ಜಹನಾರಾ ತಾನೇ ಕುರ್ಚಿ ಎಳೆದು ಕೂತಳು. ಗುಂಡಿ ಒತ್ತಿದಳು. ಠೈರ್, ಠೈರ್ ಜರಾ, ಅಂದ ಅವನು.

"ಬಹುತ್ ಠೈರೀ ಜೀ" ಅಂದಳು ಅವಳು. ಬಹಳ ತಡೆದೆ. ಒಪ್ಪಿಗೆ ಒತ್ತಿದಳು.

ಹೊಸದು ಕೂರುವಷ್ಟರಲ್ಲಿ ಸಂಜೆಯಾಯಿತು, ಮಸೀದಿಯಿಂದ ಮಗ್ರಿಬ್ ಅಜಾನ್ ಕೇಳಿಸಿತು. ಕಂಪ್ಯೂಟರು ನಯವಾದ ಯಾವುದೋ ಗಂಟೆದನಿ ಮಾಡಿ ತೆರೆದುಕೊಂಡಿತು. ಯಾರ ಅಂಗಡಿಯಲ್ಲಾದರೂ ಕೇಳಿಸಬಹುದಾದ ದನಿ.

"ಅವರ ದನಿಯ ಫೈಲುಗಳೆಲ್ಲ ತೆಗೆದಿಟ್ಟೀನಿ. ಕೆಲವನ್ನ ಮತ್ತೆ ಕೂರಿಸಬಹುದು, ಹಾಕ್ಲೇನು?" ಎಂದು ಕೇಳಿದಳು ಪ್ರತಿಭಾ.

"ಬೇಡ. ನನ್ನ ಕೈ ಸುಮ್ನಿರಲ್ಲ. ಮತ್ತೆ ಯಾರದಾದ್ರೂ ಹಾಳ್ಮಾಡ್ತೀನಿ."

ಜಹನಾರಾ ಕಂಪ್ಯೂಟರನ್ನು ಆರಿಸಿದಳು. ಅದು ಸದ್ದಿಲ್ಲದೆ ಆರಿತು. ಬೀಗದ ಕೈಯನ್ನು ಮೇಜಿನ ಮೇಲೇ ಬಿಟ್ಟು, ಚಪ್ಪಲಿ ಮೆಟ್ಟಿ, ಓಣಿಗಿಳಿದು ನಡೆದುಬಿಟ್ಟಳು.

ಪ್ರತಿಭಾ ಕರೆಯಲಿಲ್ಲ. ಬೀಗದ ಕೈ ಎತ್ತಿಕೊಂಡಳು.

ಹೂವಿನವರ ಮೂಲೆಯಲ್ಲಿ ಜಹನಾರಾ ಬೆನ್ನು ಮಾಡಿ ನಿಂತಳು. ಮಲ್ಲಿಗೆ ಮಾರುವವಳು ಮಾತಾಡಿಸಲು ಬಾಯಿ ತೆರೆದು, ಅವಳ ಮುಖ ನೋಡಿ, ತನ್ನ ಬುಟ್ಟಿಯನ್ನು ತುಸು ಸರಿಸಿ ಜಾಗ ಮಾಡಿದಳು. ದೂರದಲ್ಲಿ ಷಟರ್ ದಡದಡ ಇಳಿಯಿತು. ಬಹಳ ಹೊತ್ತಾದ ಮೇಲೆ ಹೆಜ್ಜೆ ಸದ್ದು ಹತ್ತಿರವಾಯಿತು, ಒಂದು ಮಾರು ಹಿಂದೆ ಬಂದು ನಿಂತಿತು. ಯಾರ ಹೆಜ್ಜೆಯೆಂದು ಗೊತ್ತಿದ್ದರೂ ಅವಳು ತಿರುಗಲಿಲ್ಲ. ಪ್ರತಿಭಾ ಕೆಮ್ಮಲೂ ಇಲ್ಲ, ನಿಂತೇ ಇದ್ದಳು.

ಕಡೆಗೆ ಜಹನಾರಾ ಹಾಗೇ ಬೆನ್ನು ಮಾಡಿಕೊಂಡು ಕೈಯನ್ನು ಹಿಂದಕ್ಕೆ ಚಾಚಿದಳು. ಬೀಗದ ಕೈ ಅಂಗೈಗೆ ಬಂತು, ಬೆಚ್ಚಗಿತ್ತು.

"ಜಗ್ಗಿ ನೋಡಿದ್ಯಾ?"

"ನೋಡೀನ್ರಿ ಆಪಾ. ಎರಡು ಸಲ."

"ಸರಿ, ನಡಿ. ಕೆ.ಆರ್. ಪುರದ ಬಸ್ಸು ಈಗ ತುಂಬಿರುತ್ತೆ. ನೀನು ಹತ್ತೋವರೆಗೂ ನಾನು ಸ್ಟ್ಯಾಂಡಲ್ಲಿ ನಿಂತಿರ್ತೀನಿ."