ಮುದ್ದೆ ಬೇರೆ, ಸಾರು ಬೇರೆ

ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳ ಪೊರೆ ಬಿಡುವುದನ್ನು ಸಾದಲಿಯ ಕಡೆ ಜ್ವರ ಅನ್ನುತ್ತಾರೆ. ತಲೆ ಎತ್ತಿ, ಅಲ್ಲಾಡದೆ ನಿಂತಿರುವ ಆ ಒಂದು ದಿನ ಅವಕ್ಕೆ ಸೊಪ್ಪು ಹಾಕುವಂತಿಲ್ಲ. ಹುಳ ಸಾಕುವ ಮನೆಯವರು ಊರು ಬಿಟ್ಟು ಹೋಗುವ ಕೆಲಸವಿದ್ದರೆ ಆ ದಿನಕ್ಕೇ ಕಾಯುತ್ತಾರೆ. ಕೊಂಡಮ್ಮನೂ ಕಾದಿದ್ದಳು. ಮಗ ತಿರುಮಲೇಶನನ್ನು ಹುಳದ ಮನೆಗೆ ಬಿಟ್ಟು, ಗಂಡ ಗಂಗುಲಪ್ಪನನ್ನೂ ಸೊಸೆ ಮುನಿಲಕ್ಷ್ಮಿಯನ್ನೂ ಕರೆದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದಳು. ಸೊಸೆಯ ತೊಡೆಯ ಮೇಲೆ ಊಟದ ಕ್ಯಾರಿಯರ್ ಇತ್ತು. ಹೊರಟದ್ದು ಒಂದು ಮಿಕ್ಸಿ ನೋಡುವುದಕ್ಕೆ.

ಗಂಗುಲಪ್ಪನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಕೋಲು ಹಿಡಿದು ನಡೆಯುವಷ್ಟು ಕಾಲು ಬಂದಿತ್ತು, ಮಾತೂ ನಿಧಾನವಾಗಿ ಬಂದಿತ್ತು. ಗಂಟಲು ಮಾತ್ರ ಬಂದಿರಲಿಲ್ಲ. ನೀರು ಕುಡಿದರೂ ಕೆಮ್ಮು, ಅಗುಳು ತಿಂದರೂ ಕೆಮ್ಮು. ಎರಡು ಸಲ ಊಟ ಶ್ವಾಸಕೋಶಕ್ಕೆ ಇಳಿದು ಆಸ್ಪತ್ರೆ ಸೇರಿದ್ದ. "ಏನು ಕೊಟ್ರೂ ಬೆಣ್ಣೆ ಹಂಗೆ ನುಣ್ಣಗೆ, ಗಟ್ಟಿಯಾಗಿ ಇರ್ಬೇಕು. ಇನ್ನೊಂದು ಸಲ ಹಿಂಗಾದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ" ಅಂದಿದ್ದರು ಡಾಕ್ಟರು.

ಮನೆಯ ಹಳೇ ಮಿಕ್ಸಿ ಸೊಪ್ಪಿನ ನಾರನ್ನೂ ಅಲಸಂದೆಯ ಸಿಪ್ಪೆಯನ್ನೂ ಹಾಗೇ ಉಳಿಸುತ್ತಿತ್ತು. ಕೊಂಡಮ್ಮ ಅದನ್ನು ಒರಳಿನಲ್ಲಿ ಮತ್ತೆ ರುಬ್ಬಿ ಬಟ್ಟೆಯಲ್ಲಿ ಶೋಧಿಸುತ್ತಿದ್ದಳು. ಶೋಧಿಸಿದ ಮೇಲೆ ಸತ್ವವೆಲ್ಲ ಬಟ್ಟೆಯಲ್ಲೇ ನಿಲ್ಲುತ್ತಿತ್ತು. ಉಳಿದ ತೆಳುವಿಗೆ ಗಂಜಿ ಬೆರೆಸಿ ಕೊಡುತ್ತಿದ್ದಳು. ಗಂಗುಲಪ್ಪನ ಅಂಗಿಯೊಳಗೆ ಈಗ ಇನ್ನೊಬ್ಬ ಹಿಡಿಸುತ್ತಿದ್ದ. ಮೂವತ್ತಾರು ವರ್ಷ ದಿನಾ ಒಂದು ಕೊಂಕು ತೆಗೆಯದೆ ಅವಳ ಸಾರು ಉಂಡವನಲ್ಲ. ಖಾರ ಮುಂದಾಯಿತು, ಹುಣಸೆ ಹಿಂದಾಯಿತು ಅನ್ನುತ್ತಲೇ ಎರಡನೇ ಮುದ್ದೆಗೆ ಕೈ ನೀಡುವ ಆಸಾಮಿ. ಈಗ ಕಣ್ಣು ಮುಚ್ಚಿಕೊಂಡು, ಕೊಟ್ಟದ್ದನ್ನು ನುಂಗಿ ಸುಮ್ಮನಾಗುತ್ತಿದ್ದ. ಕಾಯಿಲೆಗಿಂತ ಆ ಸುಮ್ಮನಿರುವುದೇ ಅವಳನ್ನು ಹೆಚ್ಚು ಹೆದರಿಸಿತ್ತು.

ಹೋಟೆಲಿನವರು ಇಟ್ಟುಕೊಳ್ಳುವಂಥ ದೊಡ್ಡ ಮೋಟಾರಿನ ಮಿಕ್ಸಿಯ ವಿಷಯ ತಂದವಳು ಮುನಿಲಕ್ಷ್ಮಿ. ಒಂಬತ್ತು ಸಾವಿರ. ಒಂದು ಬೆಳೆ ರೇಷ್ಮೆಗೂಡು ಮಾರಿದರೆ ಖರ್ಚು ಕಳೆದು ಮನೆಗೆ ಉಳಿಯುವುದೇ ಅಷ್ಟು.

"ನಾನು ವಾಸಿಯಾದ್ರೆ ಅದು ದಂಡ. ಆಗ್ದಿದ್ರೂ ದಂಡ" ಅಂದಿದ್ದ ಗಂಗುಲಪ್ಪ. ಎರಡು ದಿನ ಬಿಟ್ಟು ಅವನೇ ಅಂದ: "ಗೂಡಿನ ಮಾರ್ಕೆಟ್ಟಲ್ಲಿ ರಾಶಿಗೆ ಕೈ ಹಾಕಿ ನೋಡ್ದೆ ಯಾವನಾದ್ರೂ ತಗೋತಾನಾ? ನಮ್ಮೂಟಾನೇ ಹಾಕಿ ತಿರುಗಿಸ್ಲಿ. ನೋಡಣ."

ಅಂಗಡಿಯ ರಮೇಶ್‌ಬಾಬು "ಕೂರ್ಚೋಂಡಿ ಅಮ್ಮಾ" ಎಂದು ಸ್ಟೂಲು ಎಳೆದ. ಅರಿಶಿನದ ಕೊಂಬು ಜಾರಿಗೆ ಹಾಕಿ, ಕಣ್ಣು ಮಿಟುಕಿಸುವುದರಲ್ಲಿ ಪುಡಿ ಮಾಡಿ ಅಂಗೈ ಮೇಲೆ ತೋರಿಸಿದ.

"ಅರಿಶಿನ ನಾವು ಉಣ್ಣಲ್ಲಪ್ಪ" ಅಂದ ಗಂಗುಲಪ್ಪ.

"ಮೋಟಾರಿಗೆ ಎರಡು ವರ್ಷ ಗ್ಯಾರಂಟಿ ಐತೆ ಯಜಮಾನ್ರೇ."

"ನಂಗೆ ಡಾಕ್ಟ್ರು ಅಷ್ಟು ಬರ್ಕೊಡ್ಲಿಲ್ಲ."

ರಮೇಶ್‌ಬಾಬು ನಗಬೇಕೋ ಬೇಡವೋ ತಿಳಿಯದೆ ಕೊಂಡಮ್ಮನ ಮುಖ ನೋಡಿದ. ತಂದ ಊಟವನ್ನು ಅರೆದು ತೋರಿಸಬೇಕು ಅಂದಾಗ ಸ್ವಲ್ಪ ಹಿಂದೆಮುಂದೆ ನೋಡಿ, ಆಮೇಲೆ ಜಾರು ತೊಳೆದು ಕೊಟ್ಟ.

ಮುನಿಲಕ್ಷ್ಮಿಗೆ ಆತುರ. ಅರ್ಧ ಮುದ್ದೆ, ಒಂದಿಷ್ಟು ಬಸ್ಸಾರು, ಒಂದಿಷ್ಟು ಸೊಪ್ಪು-ಕಾಳಿನ ಪಲ್ಯ ಮೂರನ್ನೂ ಒಟ್ಟಿಗೆ ಸುರಿದಳು. ಮಿಕ್ಸಿ ಒಂದು ನಿಮಿಷ ಗುಡುಗಿ ನಿಂತಿತು. ಕಂದು ಬಣ್ಣದ, ದೋಸೆ ಹಿಟ್ಟಿನ ಹದದ ಒಂದು ಪದಾರ್ಥ. ಬೆರಳಿಗೆ ತಾಕಿಸಿದರೆ ಒಂದು ಕಣ ಸಿಗಲಿಲ್ಲ.

ಗಂಗುಲಪ್ಪ ಎರಡು ಚಮಚ ನುಂಗಿದ. ಕೊಂಡಮ್ಮನ ಕೈ ಆಗಲೇ ಅವನ ಬೆನ್ನಿನ ಹಿಂದೆ ಹೋಗಿತ್ತು. ಮೂವರೂ ಕಾದರು. ಕೆಮ್ಮು ಬರಲಿಲ್ಲ.

"ನುಣ್ಣಗೈತಾ ಮಾವ?"

"ನುಣ್ಣಗೈತೆ." ತುಟಿ ಒರೆಸಿಕೊಂಡ. "ಕಲಗಚ್ಚು. ಎಮ್ಮೆ ಮುಂದೆ ಇಡೋದು. ಇದಕ್ಕೆ ಅಷ್ಟು ದುಡ್ಡು ಯಾಕಮ್ಮ? ನಡೀರಿ ಹೋಗಣ."

"ಗಂಟ್ಲಲ್ಲಿ ಇಳೀತಲ್ಲ ಮಾವ."

"ಇಳೀತು. ಟ್ಯೂಬಲ್ಲೂ ಇಳಿಯುತ್ತೆ."

ಮುನಿಲಕ್ಷ್ಮಿ ಕ್ಯಾರಿಯರಿನ ಮುಚ್ಚಳ ಹಿಡಿದುಕೊಂಡು ನಿಂತಳು. ಗಂಗುಲಪ್ಪ ಕೋಲು ಊರಿ ಎದ್ದ. ಕೊಂಡಮ್ಮ ಏಳಲಿಲ್ಲ. ಆ ಜಾರನ್ನೇ ನೋಡುತ್ತಿದ್ದಳು. ಮುದ್ದೆ ಉಣ್ಣುವವರು ಯಾರೂ ಅದನ್ನು ಸಾರಿನಲ್ಲಿ ಕಲಸುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುತ್ತಾರೆ. ಈ ನಾಲ್ಕು ತಿಂಗಳು ತಾನೂ ದಿನಾ ಎಲ್ಲ ಬೆರೆಸಿಯೇ ಕೊಟ್ಟಿದ್ದು ಅವಳಿಗೆ ಆಗ ಹೊಳೆಯಿತು.

"ಜಾರು ಇನ್ನೊಂದ್ಸಲ ತೊಳ್ಕೊಡಪ್ಪ. ಒಂದು ಲೋಟ ಬಿಸಿನೀರು ಬೇಕು" ಅಂದಳು.

ಪಕ್ಕದ ಹೋಟೆಲಿನಿಂದ ಬಿಸಿನೀರು ಬಂತು. ಉಳಿದ ಅರ್ಧ ಮುದ್ದೆಯನ್ನು ಅದರಲ್ಲಿ ಅರೆದು ಕ್ಯಾರಿಯರಿನ ಮುಚ್ಚಳದ ಒಂದು ಕಡೆ ಸುರಿದಳು. ಜಾರು ತೊಳೆಸಿ, ಉಳಿದ ಸಾರಿಗೆ ಪಲ್ಯ ಸೇರಿಸಿ ಬೇರೆಯಾಗಿ ಅರೆದು ಇನ್ನೊಂದು ಕಡೆಗಿಟ್ಟಳು. ಒಂದು ಕಡೆ ರಾಗಿಯ ಬಣ್ಣ, ಇನ್ನೊಂದು ಕಡೆ ಸೊಪ್ಪಿನ ಹಸಿರು.

"ಕೂತ್ಕೊಳ್ಳಿ" ಅಂದಳು ಗಂಡನಿಗೆ.

ಅವನು ಬೇಡವೆನ್ನುವ ಮೊದಲೇ ಚಮಚದಲ್ಲಿ ಮುದ್ದೆ ತೆಗೆದು, ಬೆರಳಿನಲ್ಲಿ ಅದ್ದುವ ಹಾಗೆ ಸಾರಿನ ಅಂಚಿಗೆ ತಾಕಿಸಿ ಬಾಯಿಗಿಟ್ಟಳು. ಅಭ್ಯಾಸದಂತೆ ಮುಚ್ಚಿದ್ದ ಕಣ್ಣು ತೆರೆಯಿತು. ಗಂಟಲಿನ ಗಂಟು ಮೇಲೇರಿ ಇಳಿಯಿತು. ಅವನೇ ಬಾಯಿ ತೆರೆದ. ಎರಡು. ಮೂರು. ನಾಲ್ಕನೆಯದನ್ನು ನಾಲಗೆ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ನುಂಗಿದ.

"ಉಪ್ಪು ಕಮ್ಮಿ ಹಾಕಿದೀಯ" ಅಂದ.

ಕೊಂಡಮ್ಮನ ಕೈ ಅಲ್ಲೇ ನಿಂತಿತು.

"ಬೆಳ್ಳುಳ್ಳಿನೂ ಸೀದೋಗೈತೆ. ಒಲೆ ಮುಂದೆ ಕೂತು ಯಾರ ಹತ್ರ ಮಾತಾಡ್ತಿದ್ದೆ?"

ಮುನಿಲಕ್ಷ್ಮಿ ಅತ್ತ ತಿರುಗಿ ಗೋಡೆಯ ಫ್ಯಾನುಗಳನ್ನು ನೋಡತೊಡಗಿದಳು. ಕೊಂಡಮ್ಮ ಮುಚ್ಚಳ ಖಾಲಿಯಾಗುವವರೆಗೆ ಉಣ್ಣಿಸಿದಳು. ಸೆರಗಿನಿಂದ ಗಂಡನ ಗಲ್ಲ ಒರೆಸಿದಳು. ಆಮೇಲೆ ರಮೇಶ್‌ಬಾಬುವಿನ ಕಡೆ ತಿರುಗಿ, "ಮಿಕ್ಸಿ ಡಬ್ಬಕ್ಕೆ ಹಾಕ್ಕೊಡಪ್ಪ. ಜಾರು ಎರಡು ಬರ್ತವಾ? ಎರಡು ಬೇಕು" ಅಂದಳು.

ಈ ಸಲ ಗಂಗುಲಪ್ಪ ದಂಡ ಅನ್ನಲಿಲ್ಲ.

ವಾಪಸು ಬಸ್ಸಿನಲ್ಲಿ ಅವನು ಹುಣಸೆಹಣ್ಣಿನ ವಿಷಯ ತೆಗೆದಿದ್ದ. ಹಳೇ ಹುಣಸೆ ಹಾಕಿದರೆ ಸಾರು ಕಪ್ಪಾಗುತ್ತದೆ ಎಂದು ತಾನು ಎಷ್ಟು ವರ್ಷದಿಂದ ಹೇಳುತ್ತಿಲ್ಲ? ತೊದಲುವ ಮಾತು ಎಂಜಿನ್ ಸದ್ದಿನಲ್ಲಿ ಅರ್ಧಂಬರ್ಧ ಕೇಳುತ್ತಿತ್ತು. ಕೊಂಡಮ್ಮ ಅವನ ಕಡೆಗೆ ಬಾಗಿ ಒಂದನ್ನೂ ಬಿಡದೆ ಕೇಳಿಸಿಕೊಂಡಳು.

ಸಾದಲಿಯಲ್ಲಿ ಇಳಿಯುವಾಗ ಬಿಸಿಲು ಇಳಿದಿತ್ತು. "ಬೇಗ ನಡಿಯಮ್ಮ" ಅಂದಳು ಸೊಸೆಗೆ, ಡಬ್ಬವನ್ನು ಸೊಂಟಕ್ಕೇರಿಸುತ್ತಾ. "ಹುಳ ಏಳೋ ಹೊತ್ತಾಯ್ತು. ಜ್ವರ ಬಿಟ್ಟು ಎದ್ದವು ಸುಮ್ನೆ ಇರಲ್ಲ, ತಿನ್ನೋಕೆ ಕೇಳ್ತವೆ."